ಲಸಿಕೆ ಆದ 19ನೇ ದಿನ ಮಗಳ ಕಾಲು ಸೋತಿತು. ಎರಡನೇ ಡೋಸ್ ಹಾಕಿಸಬೇಕಾ, ಬೇಡ್ವಾ?

ಮಾಲೂರಿನ ಅಮ್ಮ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಕೆಚ್ಚಲು ಬಾವು, ಡೈರಿ ರೇಟು ಅಂತಲೇ ಬರೆದವಳು ನಾನು. ಇವತ್ತು ಬೇರೆ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ದೊಡ್ಡ ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಗರ್ಭಕೊರಳಿನ ಕ್ಯಾನ್ಸರ್ ಬರದಿರಲಿ ಅಂತ ಹಾಕುವ ಎಚ್‌ಪಿವಿ ಲಸಿಕೆಯ ಮೊದಲ ಡೋಸನ್ನು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸಿದೆವು. ನಮ್ಮತ್ತೆ ಹೋಗಿದ್ದು ಅದೇ ಕಾಯಿಲೆಯಲ್ಲಿ, ಅದಕ್ಕೇ ಹಾಕಿಸಿದ್ದು. ಎರಡು ದಿನ ತೋಳು ನೋವು ಅಂದಳು, ಮುಗಿಯಿತು.

ಅದಾದ ಮೇಲೆ ಒಂದು ಬೀಗರ ಊಟಕ್ಕೆ ಹೋಗಿದ್ದೆವು. ಬಂದ ಮೇಲೆ ಅವಳಿಗೂ ನಮ್ಮ ಭಾವನ ಮಗನಿಗೂ ಮೂರು ದಿನ ಭೇದಿ. ಓಆರ್‌ಎಸ್ ಕುಡಿಸಿದೆ, ನಿಂತಿತು. ಅದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಲಸಿಕೆ ಆಗಿ 19ನೇ ದಿನ. ಸ್ಕೂಲಿಂದ ಬಂದವಳ ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಎಲ್ಲಿ ಅಂದ್ರೆ ಅವಳಿಗೇ ಗೊತ್ತಿಲ್ಲ! ಬಸ್‌ಸ್ಟ್ಯಾಂಡಿಂದ ಮನೆವರೆಗೆ ಬರಿಗಾಲಲ್ಲಿ ಬಂದಿದ್ದಾಳೆ, ಗೊತ್ತಾಗಿಲ್ಲ. ಎರಡು ದಿನದಿಂದ ಅಂಗಾಲಲ್ಲಿ ಇರುವೆ ಹರಿದ ಹಾಗೆ ಆಗ್ತಿತ್ತು ಅಂತ ಆಗ ಹೇಳಿದಳು. ಚೆನ್ನಾಗಿ ಬೈದೆ. ಮಾರನೇ ದಿನ ನೆಲದಿಂದ ಏಳೋಕೆ ಗೋಡೆ ಹಿಡಿಯಬೇಕಾಯಿತು. ಊರಲ್ಲಿ ತೋರಿಸಿದರೆ ರಕ್ತ ಕಡಿಮೆ, ಕ್ಯಾಲ್ಸಿಯಂ ಕಡಿಮೆ ಅಂತ ಒಂದು ಇಂಜೆಕ್ಷನ್. ಒಂದು ದಿನ ಹಾಗೇ ಹೋಯಿತು. ಮೂರನೇ ದಿನ ಬೆಳಗ್ಗೆ ಜಡೆ ಹಾಕಿಕೊಳ್ಳಲು ಕೈ ಮೇಲಕ್ಕೇ ಬರಲಿಲ್ಲ. ಕಾರು ಮಾಡಿಕೊಂಡು ಬೆಂಗಳೂರಿಗೆ ಓಡಿದೆವು.

ಅಲ್ಲಿ ಡಾಕ್ಟರು ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ಹೊಡೆದರು. ಕಾಲು ಒದೆಯಲೇ ಇಲ್ಲ, ಕಲ್ಲಿಗೆ ಹೊಡೆದ ಹಾಗೆ. ಆಮೇಲೆ ಜೋರಾಗಿ ಉಸಿರು ಎಳೆದುಕೊಂಡು ಒಂದೇ ಉಸಿರಲ್ಲಿ ಒಂದು, ಎರಡು, ಮೂರು ಎಣಿಸಮ್ಮಾ ಅಂದರು. 31ರವರೆಗೆ ಎಣಿಸಿದಳು. ಇದೇನು ಮಗ್ಗಿ ಕೇಳ್ತಿದ್ದಾರಾ ಅಂದುಕೊಂಡೆ. ಸಂಜೆ ಮತ್ತೆ ಎಣಿಸಿಸಿದರು, 24. ಮಾರನೇ ದಿನ 19. ಆಗ ಐಸಿಯುಗೆ ಹಾಕಿದರು. ಎದೆಯ ಸ್ನಾಯು ಸೋಲ್ತಾ ಇದೆಯಾ ಅಂತ ನೋಡೋ ಲೆಕ್ಕ ಅದು ಅಂತ ಆಮೇಲೆ ಗೊತ್ತಾಯಿತು.

ಕಾಯಿಲೆ ಹೆಸರು ಗಿಲನ್ ಬಾರೆ ಅಂದರು. ಜಿಬಿಎಸ್. ಐದು ದಿನ ಇಮ್ಯುನೊಗ್ಲಾಬುಲಿನ್ ಅಂತ ಔಷಧಿ ಕೊಟ್ಟರು. ಅವಳ ತೂಕ 42 ಕೆಜಿ, ಒಟ್ಟು 17 ಬಾಟಲಿ. ಎರಡು ಸೀಮೆ ಹಸು ಮಾರಿದೆವು, ನನ್ನ ಸರ ಇನ್ನೂ ಸೊಸೈಟಿಯಲ್ಲೇ ಇದೆ. ವೆಂಟಿಲೇಟರ್ ಬೇಕಾಗಲಿಲ್ಲ, ಅದೊಂದು ಪುಣ್ಯ.

ಈಗ ಮೂರು ತಿಂಗಳಾಯಿತು. ಗೋಡೆ ಹಿಡಿದು ನಡೆಯುತ್ತಾಳೆ. ಆರು ತಿಂಗಳಿಗೆ ಎರಡನೇ ಡೋಸ್ ಅಂತ ಕಾರ್ಡಲ್ಲಿ ಬರೆದಿದೆ. ಚಿಕ್ಕವಳಿಗೆ 11, ಅವಳದೂ ಬಾಕಿ. ಲಸಿಕೆಯಿಂದಲೇ ಆಯ್ತಾ ಅಂತ ಮೂವರನ್ನು ಕೇಳಿದೆ, ಮೂರು ಉತ್ತರ ಬಂತು. ಒಬ್ಬರಂತೂ ಕೇಳಿದ್ದಕ್ಕೇ ಸಿಟ್ಟಾದರು. ನಾನು ಲಸಿಕೆ ವಿರೋಧಿ ಅಲ್ಲ. ಗೊತ್ತಿರೋರು ಹೇಳಿ.


ನೇರ ಮಾತು | ಶನಿವಾರ ರಾತ್ರಿ 9:58

ಇನ್ನೇನು ಗೊತ್ತಾಗಬೇಕಿದೆ ಅಕ್ಕ? ಸೂಜಿ ಹಾಕಿದ ಮೂರು ವಾರಕ್ಕೆ ಲಕ್ವ. ಇದನ್ನೆಲ್ಲ ಮುಚ್ಚಿಡ್ತಾರೆ. ಎರಡನೇದು ಹಾಕಿಸಲೇಬೇಡಿ. ಈ ವಿಡಿಯೋ ನೋಡಿ.


ಅಡ್ಮಿನ್ | ಶನಿವಾರ ರಾತ್ರಿ 10:05

ವಿಡಿಯೋ ತೆಗೆದಿದ್ದೇನೆ. ಯಾವ ದೇಶದ್ದು, ಯಾರ ಮಗು ಅಂತ ಏನೂ ಇಲ್ಲ. ಸ್ವಂತ ಅನುಭವ ಇದ್ದರೆ ಬರೆಯಿರಿ, ಫಾರ್ವರ್ಡ್ ಬೇಡ.


ಚಾಟ್ಸ್ ತಿನ್ನೋಣ ಬಾ | ಶನಿವಾರ ರಾತ್ರಿ 10:11

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅನ್ನೋ ಹಾಗೆ. ಸುಮ್ನೆ ಲಸಿಕೆ ಮೇಲೆ ಯಾಕೆ ಹಾಕ್ತೀರ.


ಮಾಲೂರಿನ ಅಮ್ಮ | ಶನಿವಾರ ರಾತ್ರಿ 10:20

ಅಣ್ಣ, ಗಾದೆ ನನಗೂ ಬರುತ್ತೆ. ಮುರಿದಿದ್ದು ನಮ್ಮ ಮನೆ ಕೊಂಬೆ. ಕಾಗೆ ಕಡೆ ಒಂದು ಸಲನಾದ್ರೂ ನೋಡ್ತೀನಿ ಅಲ್ವಾ?


ಪಿಎಚ್‌ಸಿ ಡಾಕ್ಟರು | ಭಾನುವಾರ ಬೆಳಗ್ಗೆ 7:15

ಅಮ್ಮಾ, ನಿಮ್ಮ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಸಿಟ್ಟಾದವರದ್ದು ತಪ್ಪು. ನಾನು ನರರೋಗ ತಜ್ಞ ಅಲ್ಲ, ಶ್ರೀನಿವಾಸಪುರದ ಕಡೆ ಹಳ್ಳಿ ಡಾಕ್ಟರು. ಗೊತ್ತಿರುವಷ್ಟು ಹೇಳುತ್ತೇನೆ.

ಜಿಬಿಎಸ್‌ನಲ್ಲಿ ಆಗೋದು ಇಷ್ಟು. ಹೊರಗಿನಿಂದ ಬಂದ ಯಾವುದೋ ರೋಗಾಣುವಿನ ಮೇಲೆ ಯುದ್ಧಕ್ಕೆ ಹೋದ ನಮ್ಮ ದೇಹದ ರಕ್ಷಣಾ ಪಡೆ, ಗುರುತು ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದೆ. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದ ಹಾಗೆ ನರದ ಹೊದಿಕೆ ಕೆಡುತ್ತದೆ. ಉದ್ದದ ನರಗಳು ಮೊದಲು ಸೋಲುತ್ತವೆ, ಅದಕ್ಕೇ ಪಾದದಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ. 1916ರಲ್ಲಿ ಫ್ರಾನ್ಸಿನ ಡಾಕ್ಟರುಗಳು ಇದನ್ನು ವಿವರಿಸಿದರು, ಹೆಸರೂ ಅವರದೇ.

ಇದನ್ನು ಎಬ್ಬಿಸುವ ರೋಗಾಣುಗಳಲ್ಲಿ ಮೊದಲ ಹೆಸರು ಕ್ಯಾಂಪಿಲೋಬ್ಯಾಕ್ಟರ್. ಸರಿಯಾಗಿ ಬೇಯದ ಕೋಳಿ, ಕೆಟ್ಟ ನೀರು, ಇವುಗಳಿಂದ ಬರುತ್ತದೆ. ಮೂರು ದಿನ ಭೇದಿ, ಆಮೇಲೆ ಸುಮ್ಮನಾಗುತ್ತದೆ. ಅವರಲ್ಲಿ ಎಲ್ಲೋ ಕೆಲವರಿಗೆ ಮಾತ್ರ ಒಂದರಿಂದ ಮೂರು ವಾರಕ್ಕೆ ಕಾಲು ಸೋಲುತ್ತದೆ. ಆ ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆ ಪದಾರ್ಥ ನಮ್ಮ ನರದ ಮೇಲಿರುವ ಪದಾರ್ಥದ ಹಾಗೇ ಇರುವುದರಿಂದ ಈ ಎಡವಟ್ಟು. 2025ರ ಜನವರಿಯಲ್ಲಿ ಪುಣೆಯಲ್ಲಿ ಒಂದೇ ಸಲಕ್ಕೆ ಅಷ್ಟು ಜನಕ್ಕೆ ಜಿಬಿಎಸ್ ಬಂದಿದ್ದು ನೆನಪಿದೆಯಾ? ಅಲ್ಲಿ ಬೆರಳು ತೋರಿಸಿದ್ದು ಕುಡಿಯುವ ನೀರಿನ ಕಡೆಗೇ. ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತಿದ್ದು ಬೀಗರ ಊಟದ ಮೇಲೆ.

ಇನ್ನೊಂದು ಲೆಕ್ಕ. ಜಿಬಿಎಸ್ ಪ್ರಪಂಚದಲ್ಲಿ ಎಲ್ಲೇ ನೋಡಿದರೂ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಂದ ಇಬ್ಬರಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆ 15 ಲಕ್ಷ ದಾಟಿತ್ತು. ಅಂದರೆ ಯಾರಿಗೂ ಯಾವ ಲಸಿಕೆಯನ್ನೂ ಹಾಕದಿದ್ದರೂ ಕೋಲಾರ ಜಿಲ್ಲೆಯಲ್ಲಿ ವರ್ಷಕ್ಕೆ 15ರಿಂದ 30 ಜನಕ್ಕೆ ಇದು ಬಂದೇ ಬರುತ್ತದೆ. ಅವರಲ್ಲಿ ಯಾರೋ ಒಬ್ಬರು ಹಿಂದಿನ ತಿಂಗಳು ಲಸಿಕೆ ಹಾಕಿಸಿಕೊಂಡಿರುತ್ತಾರೆ.

ಹಾಗಂತ ಲಸಿಕೆಯಿಂದ ಜಿಬಿಎಸ್ ಬರೋದೇ ಇಲ್ಲ ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆಯನ್ನು ಸುಮಾರು 4.5 ಕೋಟಿ ಜನಕ್ಕೆ ಹಾಕಿದರು. ಲಕ್ಷಕ್ಕೆ ಹೆಚ್ಚುಕಡಿಮೆ ಒಬ್ಬರಂತೆ ಜಿಬಿಎಸ್ ಜಾಸ್ತಿಯಾಯಿತು. ಕಾರ್ಯಕ್ರಮವನ್ನೇ ನಿಲ್ಲಿಸಿದರು. ಈಗಿನ ಫ್ಲೂ ಲಸಿಕೆಗೆ ಆ ಅಂಕಿ 10 ಲಕ್ಷಕ್ಕೆ ಒಬ್ಬರೋ ಇಬ್ಬರೋ. ಕೋವಿಡ್ ಕಾಲದಲ್ಲಿ ಆಸ್ಟ್ರಾಜೆನೆಕಾ ಲಸಿಕೆಗೂ ಜಿಬಿಎಸ್ ಅತಿ ಅಪರೂಪದ ಅಡ್ಡಪರಿಣಾಮ ಅಂತ 2021ರಲ್ಲಿ ಯುರೋಪಿನವರು ಲಸಿಕೆಯ ಮಾಹಿತಿ ಚೀಟಿಯಲ್ಲೇ ಬರೆದರು. ನಮ್ಮಲ್ಲಿ ಕೋವಿಶೀಲ್ಡ್ ಅಂತ ಬಂದಿದ್ದು ಅದೇ.

ಎಚ್‌ಪಿವಿ ವಿಷಯಕ್ಕೆ ಬಂದರೆ, ಫ್ರಾನ್ಸಿನ ಒಂದು ದೊಡ್ಡ ಅಧ್ಯಯನದಲ್ಲಿ ಜಿಬಿಎಸ್ ಜಾಸ್ತಿ ಕಂಡಿತು. ಅದನ್ನು ನೋಡಿ ಇಂಗ್ಲೆಂಡಿನವರು ತಮ್ಮ ಹುಡುಗಿಯರ ದಾಖಲೆ ತೆಗೆದು ಹುಡುಕಿದರು, ಕಾಣಲಿಲ್ಲ. ಬೇರೆ ಕಡೆಯೂ ಕಾಣಲಿಲ್ಲ. ಸ್ವಲ್ಪವಿದ್ದರೂ ಕಣ್ಣಿಗೆ ಬೀಳದಷ್ಟು ಕಡಿಮೆ ಅಂತಲೇ ನನ್ನ ತಿಳುವಳಿಕೆ. ನಿಮ್ಮ ಮಗಳ ವಿಷಯದಲ್ಲಿ ಭೇದಿಯ ಮೇಲೆ ನನಗೆ ಅನುಮಾನ ಜಾಸ್ತಿ. ಖಚಿತವಾಗಿ ಹೇಳೋಕೆ ಆಗಲ್ಲ.

ಒಪಿ ಶುರುವಾಗ್ತಿದೆ, ಎರಡನೇ ಡೋಸಿನ ಬಗ್ಗೆ ಆಮೇಲೆ ಬರೆಯುತ್ತೇನೆ.


ಸಿಸ್ಟರ್, ಮುಳಬಾಗಿಲು | ಭಾನುವಾರ ಬೆಳಗ್ಗೆ 8:02

ಅಮ್ಮಾ ಒಂದು ಕೇಳ್ತೀನಿ. ಆಸ್ಪತ್ರೆಯಲ್ಲಿದ್ದಾಗ ಯಾರಾದರೂ ಬಂದು ಮಗಳ ಮಲದ ಸ್ಯಾಂಪಲ್ ತಗೊಂಡು ಹೋದರಾ?


ಮಾಲೂರಿನ ಅಮ್ಮ | ಭಾನುವಾರ ಬೆಳಗ್ಗೆ 8:30

ಹೌದು ಸಿಸ್ಟರ್! ಎರಡು ದಿನ ಬಂದರು, ಸಣ್ಣ ಡಬ್ಬಿ, ಐಸ್ ಪೆಟ್ಟಿಗೆ. ಪೋಲಿಯೋ ಅಂತೇನೋ ಕೇಳಿದರು. ಪೋಲಿಯೋ ಹನಿ ಎಲ್ಲಾ ಹಾಕಿಸಿದ್ದೀವಿ, ಇದ್ಯಾಕೆ ಅಂತ ಇನ್ನೂ ಭಯ ಆಯ್ತು. ನಮ್ಮೆಜಮಾನರು ಜಗಳಕ್ಕೇ ನಿಂತರು.


ಸಿಸ್ಟರ್, ಮುಳಬಾಗಿಲು | ಭಾನುವಾರ ಬೆಳಗ್ಗೆ 8:51

ಭಯ ಬೇಡ. 15 ವರ್ಷದೊಳಗಿನ ಯಾವ ಮಗುವಿಗೆ ದಿಢೀರಂತ ಕೈಕಾಲು ಸೋತರೂ ಹಾಗೆ ತಗೋಬೇಕು. 24 ಗಂಟೆ ಬಿಟ್ಟು ಎರಡು ಸ್ಯಾಂಪಲ್, 14 ದಿನದೊಳಗೆ. ಪೋಲಿಯೋ ವಾಪಸ್ ಬಂದಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು ಹೀಗೇನೆ. ನಮ್ಮ ದೇಶದ ಕೊನೆಯ ಕಾಡು ಪೋಲಿಯೋ, ಅಂದರೆ ತಾನಾಗಿ ಹರಡೋ ವೈರಸ್ಸಿಂದ ಬರೋದು, 2011ರ ಜನವರಿಯಲ್ಲಿ ಹೌರಾದಲ್ಲಿ. ಅದಾದ ಮೇಲೂ ಹುಡುಕಾಟ ನಿಂತಿಲ್ಲ.

ಆದರೆ ಅದು ಪೋಲಿಯೋ ಲೆಕ್ಕ. ಲಸಿಕೆ ಆದ ಮೇಲೆ ತೊಂದರೆ ಆಯ್ತು ಅಂತ ಬರೆಯುವ ಫಾರ್ಮ್ ಬೇರೆ. ಎಇಎಫ್‌ಐ ಫಾರ್ಮ್ ಅಂತೀವಿ. ಅದನ್ನು ಯಾರಾದರೂ ತುಂಬಿದರಾ? ಖಾಸಗಿಯಲ್ಲಿ ಹಾಕಿಸಿದ್ದರಿಂದ ಯಾರೂ ತುಂಬಿರಲ್ಲ ಅಂತ ನನ್ನ ಅಂದಾಜು.


ಮಾಲೂರಿನ ಅಮ್ಮ | ಭಾನುವಾರ ಬೆಳಗ್ಗೆ 9:10

ಇಲ್ಲ. ಹಾಗೊಂದು ಫಾರ್ಮ್ ಇದೆ ಅಂತ ಇವತ್ತೇ ಕೇಳಿದ್ದು. ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ನಮ್ಮದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದು ಇಟ್ಟುಬಿಟ್ಟರು.


ನೇರ ಮಾತು | ಭಾನುವಾರ ಬೆಳಗ್ಗೆ 9:26

ನೋಡಿದ್ರಾ? ನಾನು ಹೇಳಿದ್ದು ಇದೇ. 2021ರಲ್ಲಿ ನನ್ನ ತಮ್ಮ, 22 ವರ್ಷ, ಕೋವಿಡ್ ಲಸಿಕೆ ಹಾಕಿಸಿಕೊಂಡ ಹತ್ತನೇ ದಿನ ಬೆಳಗ್ಗೆ ಬಾಯಿ ಮುಕ್ಕಳಿಸೋಕೆ ಹೋದರೆ ನೀರು ಒಂದು ಕಡೆಯಿಂದ ಸೋರಿತು. ಕಣ್ಣು ಮುಚ್ಚೋಕೆ ಬರ್ತಿಲ್ಲ. ಮುಖ ಅರ್ಧ ಜೋಲು ಬಿದ್ದಿದೆ. ಕೇಂದ್ರಕ್ಕೆ ಕರೆದುಕೊಂಡು ಹೋದರೆ ಬೈಕಲ್ಲಿ ಬರುವಾಗ ಗಾಳಿ ಬಡಿದಿದೆ ಅಂತ ಕಳಿಸಿದರು. ಒಂದು ಕಾಗದದಲ್ಲಿ ಬರೆದುಕೊಳ್ಳಲಿಲ್ಲ. ಎರಡು ತಿಂಗಳಿಗೆ ಸರಿಯಾಯಿತು. ಆದರೆ ಅವತ್ತು ಆ ಟೇಬಲ್ ಮುಂದೆ ನಿಂತಿದ್ದು ನಾನು. ಇವರು ಬರೆದುಕೊಳ್ಳಲ್ಲ, ಆಮೇಲೆ ವರದಿಯೇ ಇಲ್ಲ ಅಂತಾರೆ. ಅದಕ್ಕೇ ನಂಬಿಕೆ ಇಲ್ಲ.


ಪಿಎಚ್‌ಸಿ ಡಾಕ್ಟರು | ಭಾನುವಾರ ಮಧ್ಯಾಹ್ನ 2:40

ನೇರ ಮಾತು ಅವರೇ, ನಿಮ್ಮ ತಮ್ಮನದು ಬೆಲ್ಸ್ ಪಾಲ್ಸಿ ಇರಬೇಕು. ಲಸಿಕೆ ಇಲ್ಲದೆಯೂ ತುಂಬಾ ಜನಕ್ಕೆ ಬರುತ್ತದೆ, ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಬೇಗ ಹೋಗುತ್ತದೆ. ಲಸಿಕೆಯಿಂದ ಹೌದೋ ಅಲ್ಲವೋ ಅನ್ನೋದು ಆಮೇಲಿನ ಮಾತು. ಬರೆದುಕೊಳ್ಳಬೇಕಿತ್ತು. ಕಾರಣ ಗೊತ್ತಿದ್ದರೆ ಮಾತ್ರ ಬರೆಯೋದು ಅಂತ ಆ ಫಾರ್ಮ್‌ನಲ್ಲಿ ಎಲ್ಲೂ ಇಲ್ಲ. ಲಸಿಕೆ ಆದ ಮೇಲೆ ಆಯಿತು ಅಂದರೆ ಸಾಕು, ಬರೆಯೋದು. ಕಾರಣ ನೋಡೋದು ಕಮಿಟಿ ಕೆಲಸ. ಆ ಟೇಬಲ್ ಹಿಂದೆ ಕೂತಿದ್ದವರ ತಪ್ಪನ್ನು ನಾನು ಸಮರ್ಥಿಸಲ್ಲ.

ಆದರೆ "ಎಲ್ಲಾ ಮುಚ್ಚಿಡ್ತಾರೆ" ಅನ್ನೋದನ್ನೂ ಒಪ್ಪಲ್ಲ. 1976ರದ್ದು ಹೇಗೆ ಗೊತ್ತಾಯಿತು? ಯಾರೋ ಡಾಕ್ಟರು ಬರೆದು ಕಳಿಸಿದ್ದರಿಂದ. ಬರೆದದ್ದರಿಂದ ಲಸಿಕೆಗಳೇ ಬದಲಾಗಿವೆ.


ಮಾವಿನ ತೋಪು | ಭಾನುವಾರ ಸಂಜೆ 5:15

ಡಾಕ್ಟರ್ ಸಾಹೇಬ್ರು ಹೇಳಿದ್ದು ನಿಜ. ನನಗೆ ಈಗ 61. ಹುಡುಗನಾಗಿದ್ದಾಗ ನಾಯಿ ಕಚ್ಚಿ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕಿಸಿಕೊಂಡವನು. ದಿನಾ ಒಂದು. ನಮ್ಮಪ್ಪ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗ್ತಿದ್ದರು, ವಾಪಸ್ ಬರುವಾಗ ಹೊಟ್ಟೆ ಗಟ್ಟಿ ಹಲಗೆ ಆಗಿರ್ತಿತ್ತು. ಆ ಲಸಿಕೆ ಕುರಿಯ ಮೆದುಳಲ್ಲಿ ಮಾಡ್ತಿದ್ದರು ಅಂತ ತುಂಬಾ ದಿನದ ಮೇಲೆ ಗೊತ್ತಾಯಿತು. ಕೆಲವರಿಗೆ ಅದರಿಂದಲೇ ಕೈಕಾಲು ಬಿದ್ದುಹೋಗ್ತಿತ್ತಂತೆ. ನಮ್ಮ ಪಕ್ಕದ ಹಳ್ಳಿಯಲ್ಲೂ ಹಾಗೊಬ್ಬ ಇದ್ದ. ಆಗ ಎಲ್ಲರೂ ನಾಯಿ ವಿಷ ಏರಿತು ಅಂದರು.


ಪಿಎಚ್‌ಸಿ ಡಾಕ್ಟರು | ಭಾನುವಾರ ರಾತ್ರಿ 8:05

ಸರಿಯಾಗಿ ಹೇಳಿದಿರಿ ಯಜಮಾನರೇ. ಅದು ಸೆಂಪಲ್ ಲಸಿಕೆ. 1911ರಲ್ಲಿ ಡೇವಿಡ್ ಸೆಂಪಲ್ ಎಂಬ ಡಾಕ್ಟರು ಕಸೌಲಿಯಲ್ಲಿ ತಯಾರಿಸಿದ್ದು. ಕುರಿ ಮೆದುಳಿನ ಚೂರು ನಮ್ಮ ಮೈಗೆ ಹೋದಾಗ ದೇಹ ಅದರ ಮೇಲೆ ಯುದ್ಧ ಸಾರುತ್ತದೆ. ಕುರಿ ಮೆದುಳಿನ ಹೊದಿಕೆಗೂ ನಮ್ಮದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲವಲ್ಲ. ಕೆಲವರಲ್ಲಿ ಮೆದುಳು, ಬೆನ್ನುಹುರಿ ಊದಿಕೊಳ್ಳುತ್ತಿತ್ತು. ಲಸಿಕೆಯಿಂದ ನರಕ್ಕೆ ಪೆಟ್ಟು ಅನ್ನೋದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ. ಆದರೂ ಹಾಕಲೇಬೇಕಿತ್ತು, ಯಾಕೆಂದರೆ ರೇಬೀಸ್ ಬಂದರೆ ಸಾವು ಖಚಿತ. ನಮ್ಮ ದೇಶದಲ್ಲಿ ಇದರ ತಯಾರಿಕೆ ನಿಂತಿದ್ದು 2004ರ ಹೊತ್ತಿಗೆ. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ, ಮೆದುಳಿನ ಅಂಶವೇ ಇಲ್ಲ, ತೋಳಿಗೆ ನಾಲ್ಕೈದು ಸಲ ಹಾಕಿದರೆ ಮುಗಿಯಿತು.

ಮೆದುಳು ಜ್ವರದ ಲಸಿಕೆಯದೂ ಇದೇ ಕತೆ. ಹಳೆಯದನ್ನು ಇಲಿ ಮೆದುಳಲ್ಲಿ ಮಾಡುತ್ತಿದ್ದರು. ಜಪಾನಿನಲ್ಲಿ 14 ವರ್ಷದ ಹುಡುಗಿಯೊಬ್ಬಳಿಗೆ ಲಸಿಕೆ ಆದ ಮೇಲೆ ಮೆದುಳು ಊದಿಕೊಂಡು ಸ್ಥಿತಿ ಗಂಭೀರವಾಯಿತು. ಎಡಿಇಎಂ ಅನ್ನುತ್ತಾರೆ. ಲಸಿಕೆಯೇ ಕಾರಣ ಅಂತ ಗಟ್ಟಿಯಾಗಿ ಸಾಬೀತಾಗಿರಲಿಲ್ಲ. ಆದರೂ 2005ರಲ್ಲಿ ಅಲ್ಲಿನ ಸರ್ಕಾರ ಎಲ್ಲರೂ ಹಾಕಿಸಿ ಅಂತ ಹೇಳೋದನ್ನು ನಿಲ್ಲಿಸಿತು. ಹೊಸ ಲಸಿಕೆ ಬಂದ ಮೇಲೆ, 2010ರಲ್ಲಿ ಮತ್ತೆ ಶುರು ಮಾಡಿತು.


ಮಾವಿನ ತೋಪು | ಭಾನುವಾರ ರಾತ್ರಿ 8:40

ಮೆದುಳು ಜ್ವರ ಅಂದಿರಲ್ಲ, ಅದನ್ನು ನೋಡಿದ ಊರು ನಮ್ಮದು. 70ರ ದಶಕದ ಕೊನೆಯಲ್ಲಿ ಕೋಲಾರದ ಕಡೆ ಮಕ್ಕಳು ಹೋಗಿದ್ದು ಲೆಕ್ಕ ಇಲ್ಲ. ನನ್ನ ಚಿಕ್ಕಪ್ಪನ ಮಗ ಉಳಿದ. ಉಳಿದ ಅಂತ ಹೇಳಬೇಕಷ್ಟೆ. ಮಾತು ಹೋಯಿತು, ಬಲಗೈ ಸೆಟೆದುಕೊಂಡೇ ಇತ್ತು. ಚಿಕ್ಕಮ್ಮ ಮೂವತ್ತು ವರ್ಷ ಬಾಯಿಗೆ ಮುದ್ದೆ ಇಟ್ಟು ಸಾಕಿದಳು. ಅವನಿಗೆ ಲಸಿಕೆ ಇರಲಿಲ್ಲ.


ಪಿಎಚ್‌ಸಿ ಡಾಕ್ಟರು | ಭಾನುವಾರ ರಾತ್ರಿ 9:02

ಆ ಕಾಯಿಲೆ ಮೆದುಳಿಗೆ ಏರಿದರೆ ನೂರಕ್ಕೆ 20-30 ಜನ ಸಾಯುತ್ತಾರೆ, ಉಳಿದವರಲ್ಲಿ ಮೂರರಲ್ಲೊಬ್ಬರೋ ಅರ್ಧದಷ್ಟೋ ನಿಮ್ಮ ತಮ್ಮನ ಹಾಗೇ ಆಗುತ್ತಾರೆ. ಒಂದು ವಿಷಯ ನಮ್ಮ ಜಿಲ್ಲೆಯವರಿಗೇ ಗೊತ್ತಿಲ್ಲ. 80ರ ದಶಕದ ಶುರುವಿನಲ್ಲಿ ಕೋಲಾರದಲ್ಲಿ ಸಿಕ್ಕ ವೈರಸ್ಸಿನಿಂದಲೇ ನಮ್ಮ ದೇಶದ ಜೆನ್‌ವ್ಯಾಕ್ ಲಸಿಕೆ ಮಾಡಿದ್ದು. ಇಲಿ ಮೆದುಳಿಲ್ಲ, ಜೀವಕೋಶದಲ್ಲಿ ಬೆಳೆಸಿದ್ದು. ವೈರಸ್ ತಳಿಯ ಹೆಸರಲ್ಲೇ ಕೋಲಾರ ಇದೆ. ಚಿನ್ನ ಹೋಯಿತು, ಇದಾದರೂ ಇರಲಿ.


ಕೆಜಿಎಫ್ ಟು ಸ್ವೀಡನ್ | ಸೋಮವಾರ ಬೆಳಗ್ಗೆ 3:30

ಇಲ್ಲಿ ಇನ್ನೂ ರಾತ್ರಿ. ಡಾಕ್ಟರ್ ಹೇಳಿದ ಪಟ್ಟಿಗೆ ಇನ್ನೊಂದು ಸೇರಿಸುತ್ತೇನೆ. ನನ್ನ ಸಹೋದ್ಯೋಗಿಯ ಮಗನಿಗೆ 2009ರಲ್ಲಿ 15 ವರ್ಷ. ಹಂದಿಜ್ವರಕ್ಕೆ ಪ್ಯಾಂಡೆಮ್ರಿಕ್ಸ್ ಅಂತ ಲಸಿಕೆ ಹಾಕಿದರು. ಕೆಲವು ತಿಂಗಳಲ್ಲಿ ಹುಡುಗ ಕ್ಲಾಸಲ್ಲಿ, ಬಸ್ಸಲ್ಲಿ, ಊಟ ಮಾಡ್ತಾ ಮಾಡ್ತಾ ನಿದ್ದೆ. ಸೋಮಾರಿ ಅಂದರು. ಆಮೇಲೆ ಇನ್ನೊಂದು ಶುರುವಾಯಿತು. ಜೋರಾಗಿ ನಕ್ಕರೆ ಮಂಡಿ ಕುಸಿದು ಕೂತುಬಿಡುತ್ತಿದ್ದ. ನಗೋಕೇ ಹೆದರುವ ಹುಡುಗನನ್ನು ನಾನು ನೋಡಿದ್ದು ಅವನೊಬ್ಬನನ್ನೇ.

ನಾರ್ಕೊಲೆಪ್ಸಿ ಅಂತ ಹೆಸರು. ಮೆದುಳಲ್ಲಿ ನಮ್ಮನ್ನು ಎಚ್ಚರವಾಗಿಡುವ ಒಂದು ಹಿಡಿ ಕೋಶಗಳು ಸತ್ತುಹೋಗಿರುತ್ತವೆ. 2010ರ ಆಗಸ್ಟ್‌ನಲ್ಲಿ ಸ್ವೀಡನ್, ಫಿನ್ಲೆಂಡ್ ಡಾಕ್ಟರುಗಳೇ ಏನೋ ಜಾಸ್ತಿ ಆಗ್ತಿದೆ ಅಂದರು. ಫಿನ್ಲೆಂಡಿನ ಲೆಕ್ಕದಲ್ಲಿ 4ರಿಂದ 19 ವರ್ಷದವರಲ್ಲಿ ಲಸಿಕೆ ಪಡೆದ ಸುಮಾರು 16 ಸಾವಿರಕ್ಕೆ ಒಬ್ಬರು. ಒಂದು ಬಗೆಯ ವಂಶವಾಹಿ ಇದ್ದವರಿಗೇ ಹೆಚ್ಚು. ಇಲ್ಲಿ ಒಪ್ಪಿಕೊಂಡರು, ಪರಿಹಾರವನ್ನೂ ಕೊಟ್ಟರು. ನಾನು ನನ್ನ ಮಕ್ಕಳಿಗೆ ಉಳಿದ ಎಲ್ಲಾ ಲಸಿಕೆ ಹಾಕಿಸಿದ್ದೇನೆ. ಒಪ್ಪಿಕೊಳ್ಳುವವರ ಮಾತನ್ನು ನಂಬೋದು ನನಗೆ ಸುಲಭ.


ಹೈಸ್ಕೂಲ್ ಮೇಷ್ಟ್ರು | ಸೋಮವಾರ ಸಂಜೆ 6:20

ನಾನು ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಶಾಲೆಯ ಹೆಸರು ಹೇಳಲ್ಲ.

ಕೆಲವು ವರ್ಷದ ಹಿಂದೆ ಹತ್ತನೇ ಕ್ಲಾಸಿನವರಿಗೆ ಟಿಡಿ ಲಸಿಕೆ, ಧನುರ್ವಾಯುವಿನದು. ವರಾಂಡದಲ್ಲಿ ಸಾಲು ನಿಲ್ಲಿಸಿದ್ದೆವು. ಮೊದಲ ಹುಡುಗಿ ಸೂಜಿ ಹಾಕಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟು ಬಿದ್ದಳು. ಬಿದ್ದಾಗ ಕೈಕಾಲು ಎರಡು ಸಲ ಅದುರಿತು. ಯಾರೋ "ಫಿಟ್ಸ್" ಅಂತ ಕೂಗಿದರು. ಹತ್ತು ನಿಮಿಷದಲ್ಲಿ ಇನ್ನೂ ಆರು ಹುಡುಗಿಯರು. ಅದರಲ್ಲಿ ಇಬ್ಬರಿಗೆ ಇನ್ನೂ ಸೂಜಿಯೇ ಹಾಕಿರಲಿಲ್ಲ! ಊರವರು ಗೇಟ್ ಮುಂದೆ. ಆಂಬುಲೆನ್ಸ್. ಸಂಜೆಗೆಲ್ಲ ಆರು ಜನ ಸರಿಹೋದರು. ಬೆಳಗ್ಗೆ ತಿಂಡಿ ತಿಂದು ಬಂದವರು ಅದರಲ್ಲಿ ಒಬ್ಬಳೇ.

ಏಳನೆಯವಳು ಮಾತ್ರ ಸರಿಹೋಗಲಿಲ್ಲ. ಎರಡು ತಿಂಗಳು, ದಿನಕ್ಕೆ ಮೂರು ನಾಲ್ಕು ಸಲ ಮೈ ನಡುಗುತ್ತಿತ್ತು. ಒಂದು ದಿನ ಕ್ಲಾಸಲ್ಲಿ ಆದಾಗ ನಾನು ನಾಟಕ ಸಾಕು ಅಂದುಬಿಟ್ಟೆ. ಎಲ್ಲರ ಮುಂದೆ. ಆಮೇಲೆ ಬೆಂಗಳೂರಿನಲ್ಲಿ ತಲೆಗೆ ವೈರು ಹಾಕಿ ವಿಡಿಯೋ ಇಟ್ಟು ನೋಡಿದರು. ನಡುಗುವ ಹೊತ್ತಿನಲ್ಲೂ ಮೆದುಳಿನ ಗೀಟು ಸರಿಯಾಗಿಯೇ ಇತ್ತು. ಅಪಸ್ಮಾರ ಅಲ್ಲ, ನಾಟಕವೂ ಅಲ್ಲ, ಅವಳು ಬೇಕಂತ ಮಾಡ್ತಿಲ್ಲ ಅಂತ ಡಾಕ್ಟರು ಅವರಪ್ಪನಿಗೆ ಬಿಡಿಸಿ ಹೇಳಿದರಂತೆ. ವ್ಯಾಯಾಮ, ಮಾತುಕತೆ, ಅದರಲ್ಲೇ ವಾಸಿಯಾಯಿತು. ಅವಳು ಟಿಸಿ ತಗೊಂಡು ಬೇರೆ ಶಾಲೆಗೆ ಹೋದಳು. ನನ್ನ ಮಾತಿಗೇ ಹೋಗಿದ್ದು ಅಂತ ನನಗೆ ಗೊತ್ತು.


ಪಿಎಚ್‌ಸಿ ಡಾಕ್ಟರು | ಸೋಮವಾರ ರಾತ್ರಿ 9:10

ಬರೆದದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ. ಇದು ಬೇರೆ ದೇಶಗಳಲ್ಲೂ ಆಗಿದೆ. 2014ರಲ್ಲಿ ಕೊಲಂಬಿಯಾದ ಎಲ್ ಕಾರ್ಮೆನ್ ದೆ ಬೊಲಿವಾರ್ ಎಂಬ ಊರಲ್ಲಿ ಎಚ್‌ಪಿವಿ ಲಸಿಕೆ ಪಡೆದ ನೂರಾರು ಹುಡುಗಿಯರು ಹೀಗೇ ಬಿದ್ದರು. ವಿಡಿಯೋಗಳು ಹರಡಿದಷ್ಟೂ ಸಂಖ್ಯೆ ಏರಿತು. ತನಿಖೆಯಲ್ಲಿ ಲಸಿಕೆಯ ದೋಷ ಸಿಗಲಿಲ್ಲ. ಭಯ ದೇಹದ ಮೂಲಕ ಹೊರಗೆ ಬರೋದೂ ನಿಜವಾದ ಕಾಯಿಲೆಯೇ. ಲಸಿಕೆಗೆ ಬೈದರೂ ಅದು ವಾಸಿಯಾಗಲ್ಲ, ಹುಡುಗಿಗೆ ಬೈದರೂ ವಾಸಿಯಾಗಲ್ಲ.

ಜಪಾನಿನಲ್ಲಿ 2013ರ ಜೂನ್‌ನಲ್ಲಿ ಇಂಥದೇ ದೂರುಗಳಿಂದ ಎಚ್‌ಪಿವಿ ಹಾಕಿಸಿ ಅಂತ ಹೇಳೋದನ್ನು ನಿಲ್ಲಿಸಿದರು. ನೂರಕ್ಕೆ 70ರಷ್ಟಿದ್ದ ಲಸಿಕೆ ಒಂದಕ್ಕೂ ಕೆಳಗೆ ಬಿತ್ತು. ನಗೋಯಾ ನಗರದಲ್ಲಿ ಸುಮಾರು 30 ಸಾವಿರ ಹುಡುಗಿಯರನ್ನು 24 ಬಗೆಯ ತೊಂದರೆಗಳ ಬಗ್ಗೆ ಕೇಳಿದರು. ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಶುರುವಾಗಿದ್ದು 2022ರ ಏಪ್ರಿಲ್‌ನಲ್ಲಿ. ನಡುವೆ ಸುಮಾರು ಒಂಬತ್ತು ವರ್ಷ ಅಲ್ಲಿನ ಹೆಚ್ಚಿನ ಹುಡುಗಿಯರು ಲಸಿಕೆ ಇಲ್ಲದೆ ಬೆಳೆದರು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಬರುತ್ತದೆ, 70 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಮಾಲೂರಿನ ಅಮ್ಮನಿಗೆ ಅದನ್ನು ನಾನು ಹೇಳಬೇಕಾಗಿಲ್ಲ.

ಈಗ ಅಮ್ಮಾ, ನಿಮ್ಮ ಪ್ರಶ್ನೆ. ಟೆಟನಸ್ ಅಥವಾ ಫ್ಲೂ ಲಸಿಕೆ ಆದ ಆರು ವಾರದೊಳಗೆ ಜಿಬಿಎಸ್ ಬಂದಿದ್ದರೆ ಅದೇ ಲಸಿಕೆಯನ್ನು ಮತ್ತೆ ಕೊಡುವ ಮುಂಚೆ ಯೋಚಿಸಿ ಅಂತ ಅಮೆರಿಕದವರ ನಿಯಮ ಇದೆ. ಎಚ್‌ಪಿವಿ ಆ ಪಟ್ಟಿಯಲ್ಲಿ ಇಲ್ಲ. ಆದರೂ ನನ್ನ ಮಗಳಾಗಿದ್ದರೆ ನಾನು ಅವಸರ ಮಾಡುತ್ತಿರಲಿಲ್ಲ. ಯಾಕೆಂದರೆ ಅವಸರ ಬೇಕಾಗಿಯೇ ಇಲ್ಲ. 9ರಿಂದ 20 ವರ್ಷದವರಿಗೆ ಒಂದೇ ಡೋಸ್ ಕೊಟ್ಟರೂ ನಡೆಯುತ್ತದೆ ಅಂತ 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅವಳಿಗೆ ಆ ಒಂದು ಆಗಿದೆ. ಇದನ್ನು ಅವಳ ನರರೋಗ ಡಾಕ್ಟರ ಮುಂದೆ ಇಟ್ಟು ಕೇಳಿ, ತೀರ್ಮಾನ ಅವರದು. ಚಿಕ್ಕವಳಿಗೆ ಹಾಕಿಸೋಕೆ ಅಡ್ಡಿ ನನಗೇನೂ ಕಾಣುತ್ತಿಲ್ಲ. ಜಿಬಿಎಸ್ ಅಕ್ಕನಿಂದ ತಂಗಿಗೆ ಬರೋ ಕಾಯಿಲೆ ಅಲ್ಲ.


ಸಿಸ್ಟರ್, ಮುಳಬಾಗಿಲು | ಮಂಗಳವಾರ ಬೆಳಗ್ಗೆ 7:40

ಫಾರ್ಮ್ ವಿಷಯ ಮರೀಬೇಡಿ ಅಮ್ಮಾ. ತಡವಾದರೂ ಪರವಾಗಿಲ್ಲ. ನಿಮ್ಮ ಊರಿನ ಸಿಸ್ಟರ್ ಹತ್ತಿರವೋ ಪಿಎಚ್‌ಸಿಗೋ ಹೋಗಿ ಡಿಸ್ಚಾರ್ಜ್ ಸಮ್ಮರಿ, ಲಸಿಕೆ ಕಾರ್ಡು ಕೊಡಿ. ಕಾರ್ಡಲ್ಲಿ ಲಸಿಕೆಯ ಸ್ಟಿಕ್ಕರ್ ಇದೆಯಾ ನೋಡಿ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತೆ. ಅದೇ ಬ್ಯಾಚಲ್ಲಿ ಬೇರೆ ಯಾರಿಗಾದರೂ ಆಗಿದೆಯಾ ಅಂತ ಹುಡುಕೋಕೆ ಅದೊಂದೇ ದಾರಿ. ಭೇದಿ ಆಗಿದ್ದನ್ನೂ ಹೇಳಿ, ಮುಚ್ಚಿಡಬೇಡಿ. ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ 1800 180 3024ಕ್ಕೆ ಫೋನ್ ಮಾಡಿ. ಔಷಧಿ, ಲಸಿಕೆಯ ತೊಂದರೆ ಹೇಳಿಕೊಳ್ಳೋಕೆ ಇರುವ ಉಚಿತ ನಂಬರ್.

ಮೇಷ್ಟ್ರೇ, ಈಗ ನಾವು ಸಾಲು ನಿಲ್ಲಿಸಲ್ಲ. ತಿಂಡಿ ಆಯ್ತಾ ಕೇಳ್ತೀವಿ, ಒಬ್ಬೊಬ್ಬರನ್ನೇ ಒಳಗೆ ಕರೀತೀವಿ, ಕೂರಿಸಿ ಹಾಕ್ತೀವಿ, ಅರ್ಧ ಗಂಟೆ ಬೇರೆ ರೂಮಲ್ಲಿ ಕೂರಿಸ್ತೀವಿ. ಬೀಳೋದು ತುಂಬಾ ಕಡಿಮೆಯಾಗಿದೆ.


ನೇರ ಮಾತು | ಮಂಗಳವಾರ ಬೆಳಗ್ಗೆ 8:15

ಆ ನಂಬರ್ 2021ರಲ್ಲೂ ಇತ್ತಾ ಸಿಸ್ಟರ್?


ಸಿಸ್ಟರ್, ಮುಳಬಾಗಿಲು | ಮಂಗಳವಾರ ಬೆಳಗ್ಗೆ 8:19

ಇತ್ತು ಅಣ್ಣ.


ನೇರ ಮಾತು | ಮಂಗಳವಾರ ಬೆಳಗ್ಗೆ 8:22

ಯಾರೂ ಹೇಳಲಿಲ್ಲ.


ಮಾಲೂರಿನ ಅಮ್ಮ | ಐದು ವಾರದ ನಂತರ, ಭಾನುವಾರ ಸಂಜೆ 7:05

ಎಲ್ಲರೂ ಕೇಳ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಫಾರ್ಮ್ ಆಯಿತು. ನಮ್ಮೂರ ಸಿಸ್ಟರ್ ಮನೆಗೇ ಬಂದು ಎರಡು ಗಂಟೆ ಕೂತು ಬರೆದುಕೊಂಡರು. ಬೀಗರ ಊಟದಲ್ಲಿ ಏನೇನಿತ್ತು ಅಂತಲೂ ಕೇಳಿದರು. ಜಿಲ್ಲಾ ಕಮಿಟಿಗೆ ಹೋಗಿದೆಯಂತೆ, ಉತ್ತರ ಬಂದಿಲ್ಲ. ಲಸಿಕೆಯಿಂದ, ಬೇರೆ ಕಾರಣದಿಂದ, ಹೇಳಲಾಗದು, ಮೂರರಲ್ಲಿ ಯಾವುದು ಬರೆದರೂ ಓದಿಕೊಳ್ಳುತ್ತೇನೆ. ಬರೆದುಕೊಳ್ಳೋಕೆ ಒಬ್ಬರು ಬಂದರಲ್ಲ, ಅವತ್ತು ರಾತ್ರಿ ನಿದ್ದೆ ಬಂತು.

ನರರೋಗ ಡಾಕ್ಟರು ದೊಡ್ಡವಳಿಗೆ ಸದ್ಯಕ್ಕೆ ಎರಡನೇದು ಬೇಡ, ಒಂದು ಸಾಕು ಅಂದರು. ಚಿಕ್ಕವಳಿಗೆ ಮೊನ್ನೆ ಹಾಕಿಸಿದೆ. ಕೈ ನಡುಗ್ತಿತ್ತು ನನಗೆ, ಅವಳಿಗಲ್ಲ. ಅದಾದ ಮೇಲೆ ದಿನಾ ಬೆಳಗ್ಗೆ ಅವಳ ಚಪ್ಪಲಿ ಎರಡೂ ಇದೆಯಾ ಅಂತ ನೋಡ್ತೀನಿ. ನಗಬೇಡಿ.

ದೊಡ್ಡವಳು ಈಗ ಗೋಡೆ ಬಿಟ್ಟಿದ್ದಾಳೆ. ಹಿಮ್ಮಡಿ ಮೇಲೆ ನಿಲ್ಲೋಕೆ ಇನ್ನೂ ಬರಲ್ಲ. ಹೋದ ವಾರ ಡಾಕ್ಟರು ಸುತ್ತಿಗೆಯಲ್ಲಿ ಹೊಡೆದಾಗ ಎಡ ಮಂಡಿ ಚೂರು ಒದೆಯಿತು. ಜಡೆ ಅವಳೇ ಹಾಕಿಕೊಳ್ಳುತ್ತಾಳೆ, ಸೊಟ್ಟ.

ಇದನ್ನೆಲ್ಲ ಬರೆಯುವಾಗ ಹಿಂದೆ ನಿಂತು ಓದ್ತಿದ್ದಾಳೆ. ನಾನು ಮೊದಲು ಬರೆದದ್ದರಲ್ಲಿ ಒಂದು ತಪ್ಪಿದೆಯಂತೆ, ತಿದ್ದು ಅಂತಿದ್ದಾಳೆ. ಐಸಿಯುಗೆ ಹೋದ ದಿನ ಅವಳು ಎಣಿಸಿದ್ದು 19 ಅಲ್ಲವಂತೆ, 21. ಕೊನೆಯ ಎರಡು ಬಾಯಲ್ಲಿ ಹೇಳಿದಳಂತೆ, ದನಿ ಬರಲಿಲ್ಲವಂತೆ.